ಗೂಡಿಲ್ಲದ ಬೀರು

ಆ ಅಜ್ಜಿಯ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮೋಟಾರಿಗೆ ತಂತಿ ಸುತ್ತಿ ಅದು ಕಡ್ಡಿಯಾಗಿಬಿಟ್ಟಿತ್ತು. ಹೆಬ್ಬಗೋಡಿ ಹತ್ತಿರದ ವೃದ್ಧಾಶ್ರಮಕ್ಕೆ ಹೊಸ ಬೀರುಗಳನ್ನು ವಿನ್ಯಾಸ ಮಾಡಲು ನಾನು ಹೋದಾಗ, ಮಾದರಿ ಬೀರುವಿನ ಗುಂಡು ಹಿಡಿಕೆಯನ್ನು ಮಣಿಕಟ್ಟಿನಿಂದ ಎಳೆದು ನೋಡಿ ಸೋತು, "ಇದನ್ನ ಮಾಡಿದೋನ ಕೈ ಚೆನ್ನಾಗಿದೆ ಬಿಡು" ಎಂದರು. ಮಾಡಿದವನು ನಾನೇ.

ಅಂದಿನಿಂದ ಎಂಟನೇ ರೂಮಿನ ಆ ಅಜ್ಜಿಯೇ ನನಗೆ ಮೇಷ್ಟ್ರು. ಬಗ್ಗಿದರೆ ತಲೆ ಸುತ್ತುತ್ತದೆ, ಕೈಯೆತ್ತಿದರೆ ಭುಜ ಹಿಡಿಯುತ್ತದೆ. ಹಾಗಾಗಿ ದಿನಬಳಕೆಯದೆಲ್ಲ ಮೊಣಕಾಲಿಗಿಂತ ಮೇಲೆ, ಭುಜಕ್ಕಿಂತ ಕೆಳಗೆ ಇರಬೇಕು. ಏಳುವಾಗ ಮುದುಕರು ಬೀರುವನ್ನೇ ಹಿಡಿದುಕೊಳ್ಳುತ್ತಾರೆ, ಅದು ಅಲುಗಾಡಬಾರದು. ಇದೆಲ್ಲ ಅವರು ಕಲಿಸಿದ್ದು. ಟೇಪು ಹಿಡಿದು ನಿಂತರೆ, "ನಂಗೇನು ರವಿಕೆ ಹೊಲಿತೀಯೇನೋ?" ಎಂದು ಛೇಡಿಸುತ್ತಿದ್ದರು. ನನಗೆಂದು ತಮ್ಮ ಪಾಲಿನ ಬಿಸ್ಕತ್ತು ಎತ್ತಿಟ್ಟಿರುತ್ತಿದ್ದರು.

ನಕ್ಷೆ ಮುಗಿದು ಹಲಗೆ ಕೊಯ್ಯಲು ಶುರುವಾದ ಮೇಲೆ ಕೇಳಿದರು: "ದೇವರ ಫೋಟೋ ಎಲ್ಲಿಡ್ಲಪ್ಪ? ಗೋಡೆಗೆ ಮೊಳೆ ಹೊಡೆಯೋಕೆ ಇಲ್ಲಿ ಬಿಡಲ್ಲ."

"ಮಧ್ಯದ ಖಾನೇಲಿ ಇಡಿ ಅಜ್ಜಿ, ಕೈಗೆ ಸಿಗುತ್ತೆ."

"ಲಂಗ, ಒಳಬಟ್ಟೆ ಪಕ್ಕದಲ್ಲಾ? ದೇವರಿಗೇ ಅಂತ ಒಂದು ಗೂಡು ಬಿಟ್ಕೊಡೋ."

"ಮುಂದಿನ ಸಲ ನೋಡೋಣ" ಎಂದು ನಕ್ಕೆ. ನಕ್ಷೆ ತಿದ್ದಲು ಒಂದು ದಿನ ಸಾಕಿತ್ತು. ಸೋಮಾರಿತನ, ಅದರ ಮೇಲೆ ನನ್ನ ಕೆಲಸದ ಗರ್ವ.

ಬೀರುಗಳು ಬಂದವು, ಎಲ್ಲರೂ ಹೊಗಳಿದರು. ಮೇಲ್ಭಾಗದಲ್ಲಿ ಆಶ್ರಮದ ಹೊದಿಕೆಗಳಿಗೆ ಜಾಗ ಬಿಟ್ಟಿದ್ದರಿಂದ ಬೀರು ತಲೆಗಿಂತ ಎತ್ತರವಿತ್ತು. ಅಜ್ಜಿ ದೇವರನ್ನು ಅದರ ನೆತ್ತಿಯ ಮೇಲೆ ಇಟ್ಟರು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಪ್ಲಾಸ್ಟಿಕ್ ಸ್ಟೂಲು ಹತ್ತಿ ಹೂವಿಡುತ್ತಿದ್ದರಂತೆ. ಮೂರನೇ ವಾರ ಬಿದ್ದು ಸೊಂಟ ಮುರಿದುಕೊಂಡರು.

ಆಸ್ಪತ್ರೆಗೆ ಓಡಿದೆ. ಆ ನೋವಿನಲ್ಲೂ ಅವರಿಗೆ ನನ್ನದೇ ಚಿಂತೆ. "ಮ್ಯಾನೇಜರ್ ಮೇಡಂ ನಿನ್ನ ಬೀರೂನ ಬೈತಿದ್ರು ಕಣೋ. ಬೀರು ಚೆನ್ನಾಗಿದೆ, ಸ್ಟೂಲೇ ಸರಿಯಿಲ್ಲ ಅಂತ ಹೇಳ್ದೆ. ಅಲ್ವಾ?"

ತಪ್ಪು ನನ್ನದು ಅಜ್ಜಿ ಎನ್ನಬೇಕಿತ್ತು. ಆಶ್ರಮದ ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದರು.

"ಹೌದಜ್ಜಿ, ಸ್ಟೂಲೇ ಸರಿಯಿಲ್ಲ" ಎಂದುಬಿಟ್ಟೆ.

ನಾಲ್ಕನೇ ದಿನ ಅಜ್ಜಿ ತೀರಿಕೊಂಡರು. ಈಗ ನಾನು ಮಾಡುವ ಪ್ರತಿ ಬೀರುವಿನಲ್ಲೂ ಎದೆಯೆತ್ತರಕ್ಕೆ ಒಂದು ಗೂಡು ಇರುತ್ತದೆ. ಅದನ್ನು ಯಾರಾದರೂ ಮೆಚ್ಚಿದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆ ಆಶ್ರಮದಲ್ಲಿ ಮಾತ್ರ ಬೀರುಗಳು ಹಾಗೇ ಇವೆ. ನನ್ನ ಮಾತು ನಂಬಿ ಮ್ಯಾನೇಜರ್ ಸ್ಟೂಲುಗಳನ್ನಷ್ಟೇ ಹೊರಗೆ ಹಾಕಿದರು. ಬೀರುವಿನ ಮೇಲಿನ ದೇವರಿಗೆ ಹೂವಿಡಲು ಅಲ್ಲಿಯವರು ಈಗ ಮಂಚ ಹತ್ತುತ್ತಾರಂತೆ. ನಿಜ ಹೇಳಲು ನಾನು ಇನ್ನೂ ಹೋಗಿಲ್ಲ.