ತನ್ನ ಹೆಸರಿನ ಕುದುರೆಗೆ ಅಮೋಸ್ ಗಾರ್ಬಟ್ ಹೇಳಿದ ತೀರ್ಪು

ಅಮೋಸ್ ಗಾರ್ಬಟ್ ಬಾಯಿ ತೆರೆಯುವ ತನಕ ನಮ್ಮ ಮಾಲ್ಟನ್ ಪೇಟೆಯವರು ಯಾವ ಕುದುರೆಯ ಮೇಲೂ ಬಾಜಿ ಕಟ್ಟುತ್ತಿರಲಿಲ್ಲ. ವಾರವಿಡೀ ಆತ ಮೊಳೆ, ಬೀಗ, ಬಕೆಟ್ಟು ಮಾರುವ ಅಂಗಡಿಕಾರ. ಹೆಂಡತಿ ಹಿಲ್ಡಾ ಕರೆದರೆ ಎರಡನೇ ಕೂಗಿಗೆ ಓಗೊಡುವ ಸಾಧು ಪ್ರಾಣಿ. ರೇಸಿನ ದಿನ ಕಂದು ಹ್ಯಾಟು ತಲೆಗೇರಿ ಮೈಕು ಕೈಗೆ ಬಂತೋ, ಚಿತ್ರಗುಪ್ತನೂ ಅವನೆದುರು ಕರುಣಾಳು ಅನ್ನಿಸಬೇಕು.

ಓಟಕ್ಕೆ ಮುಂಚೆ ಕುದುರೆಗಳನ್ನು ಅಂಗಳದಲ್ಲಿ ಸುತ್ತು ಹಾಕಿಸುತ್ತಾರಲ್ಲ, ಅಲ್ಲಿ ನಿಂತು ಯಾವುದು ಓಡೀತು, ಯಾವುದು ಓಡದು ಎಂದು ಸೇರಿದ ಜನಕ್ಕೆಲ್ಲ ಸಾರುವುದು ಅವನ ಕೆಲಸ. ಅಪ್ಪ ಯಾರು, ತಾಯಿ ಯಾರು, ಬೆಲೆ ಎಷ್ಟು, ಒಂದನ್ನೂ ಕೇಳುತ್ತಿರಲಿಲ್ಲ. "ಮುಖ ನೋಡೋನು ಮದುವೆಗಂಡು. ಹಿಂದಿನಿಂದ ನೋಡಿದರೇನೇ ಕುದುರೆ ತಿಳಿಯೋದು," ಎನ್ನುತ್ತಿದ್ದ. ಹಿಂಗಾಲು ಮುಂಗಾಲಿನ ಗುರುತು ದಾಟಿ ಬೀಳಬೇಕು. ಪಕ್ಕೆಲುಬು ಇದ್ದೂ ಇಲ್ಲದಂತೆ ಕಾಣಬೇಕು. ತೊಡೆಯ ಸಂದಿಯಲ್ಲಿ ಬೆವರಿನ ನೊರೆ ಕಂಡಿತೋ, ಅರ್ಧ ಓಟ ಅಂಗಳದಲ್ಲೇ ಮುಗಿಯಿತು. ಒಮ್ಮೆ ಯಾವನೋ ಜಮೀನ್ದಾರನ ಮೆಚ್ಚಿನ ಕುದುರೆಯನ್ನು, ಜಮೀನ್ದಾರ ಪಕ್ಕದಲ್ಲೇ ನಿಂತಿರುವಾಗ, "ಸೋಫಾದ ಹಾಗಿದೆ, ಕೂತುಕೊಳ್ಳಲು ಚೆನ್ನ," ಎಂದವನು ಇವನೇ.

ಇಂಥ ಧರ್ಮರಾಯನ ರಥ ನೆಲಕ್ಕಿಳಿದದ್ದು ಡೋರಾ ಮೆಟ್‌ಕಾಫ್‌ಳ ಪ್ರೀತಿಯಿಂದ. ಡೋರಾ ಅವನ ಗೆಳೆಯ ಸಿಡ್‌ನ ವಿಧವೆ. ಹಿಟ್ಟಿನೊಳಗೆ ಹಂದಿಮಾಂಸ ತುಂಬಿ ಸುಟ್ಟ ಪೈ ಮಾರುವ ಅಂಗಡಿ ಅವಳದು. ಗಂಡ ಹೋದ ಮೇಲೆ ಒಂಟಿತನ ತಡೆಯಲಾರದೆ ಒಂದು ಕೆಂದು ಬಣ್ಣದ ಎಳೆಯ ರೇಸ್ ಕುದುರೆ ಕೊಂಡಳು. ಉದ್ದ ಮೋರೆ, ಜೋತುಬಿದ್ದ ಕೆಳದುಟಿ, ಬಾಡಿಗೆದಾರ ಓಡಿಹೋದ ಮನೆಯ ಮಾಲೀಕನಂಥ ಕಣ್ಣು.

"ನೋಡಿದ ಕೂಡಲೇ ಅಂದ್ಕೊಂಡೆ, ನಮ್ಮ ಅಮೋಸ್ ಇವನು ಅಂತ," ಎಂದಳು. "ನಿನ್ನ ಹೆಸರೇ ಇಡ್ತೀನಿ. ಸಿಡ್ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ದ."

ಬದುಕಿರುವವನ ಹೆಸರಿಡಲು ಅವನ ಒಪ್ಪಿಗೆ ಬೇಕು. ಎರಡು ಸಾಮ್ರಾಜ್ಯಗಳ ನಡುವಿನ ಒಪ್ಪಂದಕ್ಕೆಂಬಂತೆ ಅಮೋಸ್ ಗಂಟಲು ಸರಿಮಾಡಿಕೊಂಡು ಸಹಿ ಹಾಕಿದ. ಆಮೇಲೆ ಅಂಗಡಿಗೆ ಮೊಳೆ ಕೊಳ್ಳಲು ಬಂದವರಿಗೆಲ್ಲ ಕುದುರೆಯ ಸುದ್ದಿಯೂ ಉಚಿತವಾಗಿ ಸಿಕ್ಕಿತು.

ಮೇ ತಿಂಗಳಲ್ಲಿ ಥರ್ಸ್ಕ್ ಮೈದಾನದಲ್ಲಿ ಮೊದಲ ಓಟ. ಅರ್ಧ ಪೇಟೆ ಬಂದಿತ್ತು. ಅಮೋಸ್ ಗಾರ್ಬಟ್ ಎಂಬ ಕುದುರೆ ಅಂಗಳಕ್ಕೆ ಬಂತು. ಅಮೋಸ್ ಗಾರ್ಬಟ್ ಎಂಬ ಮನುಷ್ಯ ಅದರ ಹಿಂದೆ ಹೋಗಿ ನೋಡಿದ. ಹಿಂಗಾಲಿನ ಹೆಜ್ಜೆ ಮೋಟು. ಹೊಟ್ಟೆ ಕ್ರಿಸ್ಮಸ್ ಊಟ ಮುಗಿಸಿದ ಚಿಕ್ಕಪ್ಪನದು. ತೊಡೆಸಂದಿಯಲ್ಲಿ ಬೆಳ್ಳಗೆ ನೊರೆ. ಬೇರೆ ಯಾವ ಕುದುರೆಯಾಗಿದ್ದರೂ ಒಂದೇ ಮಾತಿನಲ್ಲಿ ಮಣ್ಣು ಮಾಡುತ್ತಿದ್ದ. ಕಟಕಟೆಯಾಚೆ ಡೋರಾ, ಸಿಡ್‌ನ ಹಳೆಯ ಟೈಯನ್ನು ಕೊರಳಿಗೆ ಸುತ್ತಿಕೊಂಡು, ಕೈಬೀಸಿದಳು. ಜನ ಕಿವಿಗೊಟ್ಟಿತು.

"ನಂಬರ್ ಏಳು, ಅಮೋಸ್ ಗಾರ್ಬಟ್," ಎಂದಿತು ಮೈಕು. ತನ್ನ ಹೆಸರು ಮೈದಾನದ ಆ ತುದಿಯವರೆಗೆ ಮೊಳಗಿದ್ದನ್ನು ಕೇಳಿ ಅವನಿಗೆ ಸುಖವಾಯಿತು. "ಒಡ್ಡೋಲಗಕ್ಕೆ ಹೊರಟ ರಾಜನ ನಡಿಗೆ."

ಮಾಲ್ಟನ್ ಪೇಟೆ ಒಟ್ಟಾಗಿ ಬುಕ್ಕಿಗಳತ್ತ ಓಡಿತು. ಆ ಮಧ್ಯಾಹ್ನ ಕಂಡ ನಿಜವಾದ ಓಟ ಅದೊಂದೇ.

ಕುದುರೆ ಕೊನೆಗೆ ಬಂತು. ಅದನ್ನಾದರೂ ಮೌನವಾಗಿ ಮಾಡಲು ಬಿಟ್ಟರೆ? ಓಟದ ವಿವರ ಹೇಳುವವನು ಧ್ವನಿವರ್ಧಕದಲ್ಲಿ ಕೂಗುತ್ತಲೇ ಇದ್ದ: "ಎಲ್ಲರಿಗಿಂತ ಹಿಂದೆ ಅಮೋಸ್ ಗಾರ್ಬಟ್! ಅಮೋಸ್ ಗಾರ್ಬಟ್‌ಗೆ ಉಸಿರು ಸಾಲುತ್ತಿಲ್ಲ! ಅಮೋಸ್ ಗಾರ್ಬಟ್ ಇನ್ನೂ ಬರುತ್ತಲೇ ಇದ್ದಾನೆ!"

"ಇದನ್ನ ಹೇಳೋಕೆ ಮೈಕು ಬೇಕಿತ್ತಾ? ನನ್ನ ಕೇಳಿದ್ರೆ ಸಾಕಿತ್ತು," ಎಂದಳು ಹಿಲ್ಡಾ.

ಪೇಟೆಯ ನಗೆಯನ್ನು ಅಮೋಸ್ ನುಂಗಿಕೊಂಡ. ಬೀಗ ಕೊಳ್ಳಲು ಬಂದವರು, "ಇದು ರಾಜನ ಬೀಗವೋ?" ಎಂದರೂ ಚಿಲ್ಲರೆ ಎಣಿಸಿ ಕೊಟ್ಟ. ಅವನನ್ನು ಉರುಳಿಸಿದ್ದು ಮಾಂಸದಂಗಡಿಯ ನೆಡ್ ಸವರ್ಬಿ. ನೆಡ್ ನಗಲಿಲ್ಲ.

"ಒಂದು ಮಾತು ಕೇಳ್ಲಾ, ಅಮೋಸ್? ನನಗೆ ನೊರೆ ಕಂಡ ಹಾಗಾಯ್ತು. ಆದ್ರೆ ನೀನು ರಾಜ ಅಂದೆ. ನನ್ನ ಕಣ್ಣೇ ಸರಿ ಇಲ್ಲ ಅಂತ ಮೊನ್ನೆ ಹೋಗಿ ಕನ್ನಡಕ ಮಾಡಿಸ್ಕೊಂಡು ಬಂದೆ. ಹೇಗಿದೆ?"

ಅಮೋಸ್ ಕನ್ನಡಕ ನೋಡಿದ. ಚೆನ್ನಾಗಿದೆ ಎಂದ. ಒಳಕೋಣೆಗೆ ಹೋಗಿ ಬಕೆಟ್ಟುಗಳ ನಡುವೆ ಕೂತ. ಕಿವಿಯ ತುದಿಯವರೆಗೆ ಬಿಸಿಯಾಗಿತ್ತು. ಸಂಜೆ ಡೋರಾ ಬಿಸಿ ಪೈ ತಂದು, "ಎಂಥ ಒಳ್ಳೆ ಮಾತು ಹೇಳಿದೆಯೋ ಅವತ್ತು! ಮುಂದಿನ ಓಟ ರಿಪನ್‌ನಲ್ಲಿ, ಅಲ್ಲೂ ಹಾಗೇ ಹೇಳ್ಬೇಕು ನೋಡು," ಎಂದಾಗ ಅವನು ಆ ಪೈಯನ್ನು ಅರ್ಧಕ್ಕೇ ಬದಿಗಿಟ್ಟ. ಅಮೋಸ್ ಪೈ ಉಳಿಸಿದ್ದು ಅದೇ ಮೊದಲು. ಹಿಲ್ಡಾ ಡಾಕ್ಟರನ್ನು ಕರೆಸಲೇ ಎಂದು ಕೇಳಿದಳು.

ರಿಪನ್ನಿನ ಅಂಗಳ. ಅದೇ ಕುದುರೆ, ಅದೇ ಮೋಟು ಹೆಜ್ಜೆ, ಅದೇ ನೊರೆ. ಒಂದು ಕಡೆ ಸಿಡ್‌ನ ಟೈ ಸುತ್ತಿಕೊಂಡ ಡೋರಾ. ಇನ್ನೊಂದು ಕಡೆ ಹೊಸ ಕನ್ನಡಕದ ನೆಡ್, ಕುದುರೆಯನ್ನು ಬಿಟ್ಟು ಅಮೋಸನ ಬಾಯಿಯನ್ನೇ ನೋಡುತ್ತ. ಅಮೋಸ್ ಮೈಕು ಬಾಯಿಗೆತ್ತಿದ.

"ನಂಬರ್ ಏಳು. ಹೊಟ್ಟೆ ಇಳಿದಿಲ್ಲ. ಹೆಜ್ಜೆ ಮೋಟು. ನೊರೆ ಕಾಣ್ತಿದೆ. ಓಡುವ ಮನಸ್ಸೇ ಇಲ್ಲ, ಕೊನೆಗೆ ಬರ್ತಾನೆ." ಕನ್ನಡಕದ ಕಡೆ ತಿರುಗಿದ. "ಥರ್ಸ್ಕ್‌ನಲ್ಲೂ ಹೀಗೇ ಇದ್ದ. ನೆಡ್, ನಿನ್ನ ಕಣ್ಣು ಸರಿಯಾಗೇ ಇತ್ತು."

ಡೋರಾಳ ಬೀಸುತ್ತಿದ್ದ ಕೈ ಕೆಳಗಿಳಿಯಿತು.

ಓಟ ಶುರುವಾಯಿತು. ಅಮೋಸ್ ಜೀವಮಾನದಲ್ಲಿ ಮೊದಲ ಸಲ, ಒಂದು ಕುದುರೆ ಸೋಲಲಿ ಎಂದು ದೇವರಲ್ಲಿ ಮೊರೆಯಿಟ್ಟ. ಮೊರೆಯಿಟ್ಟದ್ದಕ್ಕೆ ನಾಚಿದ, ನಾಚುತ್ತಲೇ ಮತ್ತೆ ಮೊರೆಯಿಟ್ಟ. ದೇವರಿಗೂ ತಮಾಷೆ ಬೇಕಿತ್ತೋ ಏನೋ, ಗೆಲುವಿನ ಗೆರೆ ಹತ್ತಿರವಾಗುತ್ತಿದ್ದಂತೆ ಕೊನೆಯಿಂದ ಎರಡನೆಯದಾಗಿದ್ದ ಬೂದುಗುದುರೆ ದಣಿದು ಹಿಂದೆ ಸರಿಯಿತು. ಅಮೋಸ್ ಗಾರ್ಬಟ್ ಅದರ ಸಮಕ್ಕೆ ಬಂದ. ದಾಟಿದ! ಕಟಕಟೆ ಹಿಡಿದ ಅಮೋಸನ ಬೆರಳು ಬಿಳಿಚಿತು. ಆಗ ಕುದುರೆಗೆ ತನ್ನ ಸ್ವಭಾವ ನೆನಪಾಯಿತು. ಕಿವಿ ಮಡಚಿ ನಿಧಾನಿಸಿತು. ಬೂದುಗುದುರೆ ಒಂದು ಕತ್ತಿನಷ್ಟು ಮುಂದೆ ಹೋಯಿತು. ಅಮೋಸ್ ಗಾರ್ಬಟ್ ಮತ್ತೆ ಎಲ್ಲರಿಗಿಂತ ಕೊನೆಗೆ.

"ಶಭಾಷ್!" ಎಂದು ಕಿರುಚಿ ಅಮೋಸ್ ಹ್ಯಾಟು ಆಕಾಶಕ್ಕೆ ಎಸೆದ.

ಹ್ಯಾಟು ಬಂದು ಬಿದ್ದದ್ದು ಡೋರಾಳ ಕಾಲಬುಡದಲ್ಲಿ. ಅವಳು ಅದನ್ನು ಎತ್ತಿಕೊಂಡಳು.

"ನನ್ನ ಕುದುರೆ ಸೋತಿದ್ದಕ್ಕೆ ಹ್ಯಾಟು ಹಾರಿಸ್ತೀಯೇನೋ?"

ಅಮೋಸನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. "ಡೋರಾ, ನಾನು..."

"ಸುಮ್ಮನೆ ಬಾ."

ಗೆದ್ದ ಕುದುರೆಗೆ ಚಪ್ಪಾಳೆಯ ಕಟ್ಟೆಯಿದೆ. ಕೊನೆಯದಕ್ಕೆ ದೂರದ ಹುಲ್ಲು. ಅಲ್ಲಿಗೆ ಒಡತಿಯ ಹೊರತು ಯಾರೂ ಹೋಗುವುದಿಲ್ಲ. ಅಮೋಸ್ ಬರಿದಲೆಯಲ್ಲಿ ಅವಳ ಹಿಂದೆ ನಡೆದ. ಕುದುರೆ ಕೆಳದುಟಿ ಜೋತಾಡಿಸಿಕೊಂಡು ನಿಂತಿತ್ತು. ಅಮೋಸನದೂ ಹಾಗೇ ಜೋತಿತ್ತು. ಡೋರಾ ಇಬ್ಬರ ಮೋರೆಯನ್ನೂ ನೋಡಿ, ನಗು ತಡೆಯಲು ಕುದುರೆಯ ಕತ್ತಿಗೆ ಮುಖ ಒತ್ತಿದಳು. ನಕ್ಕಳೋ ಅತ್ತಳೋ, ಅಮೋಸನಿಗೆ ಕೇಳುವ ಧೈರ್ಯವಿರಲಿಲ್ಲ. ಅಷ್ಟರಲ್ಲಿ ಕುದುರೆ ಅವಳ ಕೈಯಿಂದ ಹ್ಯಾಟು ಕಸಿದು ಅಗಿಯತೊಡಗಿತು.

"ಮುಂದಿನ ಓಟದಲ್ಲಿ ಯಾವುದು ಗೆಲ್ಲುತ್ತೆ?" ಎಂದಳು, ತಲೆ ಎತ್ತದೆ.

"ನೋಡದೆ ಹೇಗೆ ಹೇಳಲಿ?"

"ಹಾಗಾದ್ರೆ ಹೋಗಿ ನೋಡು. ಈ ಸಲ ನಿನ್ನ ಮಾತಿನ ಮೇಲೆ ಬಾಜಿ ಕಟ್ತೀನಿ."

ಅಮೋಸ್ ಹ್ಯಾಟಿಗಾಗಿ ಕೈಚಾಚಿದ. ಅಮೋಸ್ ಗಾರ್ಬಟ್ ಕೊಡಲಿಲ್ಲ. ಬಿಸಿಲಿಗೆ ಕೆಂಪಾದ ಬೋಳುತಲೆಯಲ್ಲೇ, ಇಡೀ ಪೇಟೆಯ ಕಣ್ಣೆದುರು, ಅವನು ಅಂಗಳಕ್ಕೆ ಮರಳಿ ಕುದುರೆಗಳ ಹಿಂದೆ ನಿಂತ.