ಒಂದೇ ಟೇಕಿನ ನೆಗಿಶಿ

ಟೋಕಿಯೊದ ನಕಾನೊ ಸ್ಟೇಷನ್ನಿನ ಹಿಂದಿರುವ ಸೂಪರ್ ಮಾರ್ಕೆಟ್ಟಿನಲ್ಲಿ, ಇವತ್ತು ತೋಫು ಅಗ್ಗ, ಮೊಟ್ಟೆಯೂ ಅಗ್ಗ ಎಂದು ದಿನವಿಡೀ ಸ್ಪೀಕರಿನಲ್ಲಿ ಕೂಗುವ ಧ್ವನಿ ನೆಗಿಶಿ ಯಾಸುಮಿಚಿಯದು. ಅದೇ ನೆಗಿಶಿ ಸಂಜೆ ಅದೇ ಅಂಗಡಿಗೆ ಬುಟ್ಟಿ ಹಿಡಿದು ಬರುತ್ತಾನೆ, ಬೆಲೆ ಇಳಿಸಿದ ಚೀಟಿ ಅಂಟಿಸುವವರೆಗೂ ಮೀನಿನ ಮುಂದೆ ಏನೋ ಯೋಚಿಸುವವನ ಹಾಗೆ ಅಡ್ಡಾಡುತ್ತಾನೆ. ತಲೆಯ ಮೇಲೆ ತನ್ನದೇ ಧ್ವನಿ ಗಂಟಲು ಹರಿದುಕೊಳ್ಳುತ್ತಿದ್ದರೂ ಕತ್ತೆತ್ತುವುದಿಲ್ಲ. ಗುರುತು ಹಿಡಿಯುವವರೂ ಯಾರಿಲ್ಲ. ಧ್ವನಿ ಮಾರಿ ಬದುಕುವವನ ಮುಖ ಯಾರಿಗೆ ಬೇಕು ಹೇಳಿ.

ಅರವತ್ತು ದಾಟಿದೆ, ಮದುವೆ ಮಕ್ಕಳು ಇಲ್ಲ. ಎಸ್ಕಲೇಟರಿನಲ್ಲಿ ಕಾಲು ಜೋಪಾನ ಎನ್ನುವುದು, ಆಸ್ಪತ್ರೆಯಲ್ಲಿ ಟೋಕನ್ ನಂಬರು ಕರೆಯುವುದು, ಇಂಥವೇ ಈಗಿನ ಹೊಟ್ಟೆಪಾಡು. ಆದರೆ ಅವನಿಗೂ ಒಂದು ಕಾಲವಿತ್ತು. ಸ್ಟುಡಿಯೊಗಳಲ್ಲಿ ಅವನನ್ನು ಕರೆಯುತ್ತಿದ್ದದ್ದೇ ಒಂದೇ ಟೇಕಿನ ನೆಗಿಶಿ ಎಂದು. ಉಳಿದವರು ತೊದಲಿ, ಕೆಮ್ಮಿ, ಪುಟ ಮಗುಚುವಾಗ ಸದ್ದು ಮಾಡಿ ಹೇಳಿದ್ದನ್ನೇ ಹೇಳುತ್ತಿದ್ದರೆ, ಇವನು ಬಂದ, ಹೇಳಿದ, ಮುಗಿಯಿತು. ಧ್ವನಿಮುದ್ರಣದವರಿಗೆ ಇವನೆಂದರೆ ಪ್ರಾಣ. ಇವನಿದ್ದ ದಿನ ಎಲ್ಲರೂ ಊಟಕ್ಕೆ ಬೇಗ ಏಳುತ್ತಿದ್ದರು.

ಆಗ ಸಿಕ್ಕಿದ್ದು 'ಸಂಜೆಯ ದೋಣಿ'. ಒಂದು ಪುಟ್ಟ ದ್ವೀಪ, ಅಲ್ಲಿಗೆ ದೋಣಿ ನಡೆಸುವವನೊಬ್ಬ, ಟಪಾಲು ಹಂಚುವವನೊಬ್ಬ, ಇಬ್ಬರಿಗೂ ಪ್ರೀತಿ. ಅಷ್ಟೇ ಕಥೆ. ಚಿತ್ರಗಳಲ್ಲೇ ಸಾಗುವ ಈ ಮಾಂಗಾ ಪುಸ್ತಕ ಬರೆದವಳು ಹೆಂಗಸು, ಓದುತ್ತಿದ್ದವರೂ ಹೆಚ್ಚಾಗಿ ಹೆಣ್ಣುಮಕ್ಕಳೇ. ಅಂಗಡಿಯಲ್ಲಿ ಪುಸ್ತಕಕ್ಕೆ ಕಾಗದದ ಹೊದಿಕೆ ಹಾಕಿಸಿಕೊಂಡು, ರೈಲಿನಲ್ಲಿ ಅರ್ಥಶಾಸ್ತ್ರ ಓದುವವರ ಮುಖ ಮಾಡಿಕೊಂಡು ಕೂತಿರುತ್ತಿದ್ದರು. ಅದು ಮನೆಮಾತಾದ ಮೇಲೆ ಧ್ವನಿನಾಟಕದ ಸಿ.ಡಿ.ಗಳು ಒಂದರ ಹಿಂದೆ ಒಂದು ಬಂದವು. ದೋಣಿಯವನ ಧ್ವನಿ ನೆಗಿಶಿಯದು, ಟಪಾಲಿನವನದು ಸೆನೊ ತೆತ್ಸುಓನದು.

ಸೆನೊ ಉತ್ತರದ ಹಿಮದ ಸೀಮೆಯವನು, ನಾಗಾಓಕಾದಲ್ಲಿ ಅಪ್ಪನದು ಅಕ್ಕಿಯ ಬಿಲ್ಲೆ ಸುಟ್ಟು ಮಾರುವ ಅಂಗಡಿ. ಮೂಗಿನಲ್ಲೇ ನಗುತ್ತಿದ್ದ, ಯಾವ ಮಾತಿಗೂ ಅವಸರ ಮಾಡುತ್ತಿರಲಿಲ್ಲ. ಇಬ್ಬರೂ ಅಕ್ಕಪಕ್ಕದ ಮೈಕುಗಳ ಮುಂದೆ ನಿಲ್ಲುತ್ತಿದ್ದರು. ಮುತ್ತಿನ ಪುಟ ಬಂದಾಗ ನಟ ತನ್ನ ಕೈಯ ಹಿಂಬದಿಗೆ ತಾನೇ ಮುತ್ತಿಡಬೇಕು, ಮೈಕಿಗೆ ಅಷ್ಟು ಸಾಕು. ಹೊಸಬರು ಅದನ್ನು ಮೊದಲ ಸಲ ಕಂಡಾಗ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಸೆನೊ ಒಂದು ಮೊಳ ದೂರದಲ್ಲಿ ನಿಂತು ತನ್ನ ಕೈಗೆ ಮುತ್ತಿಡುತ್ತಿದ್ದ, ನೆಗಿಶಿ ತನ್ನ ಕೈಗೆ. ಕೇಳಿದ ಹುಡುಗಿಯರೆಲ್ಲ ನಿದ್ದೆಗೆಟ್ಟರು. ನೆಗಿಶಿಯೂ ಕೆಟ್ಟ. ಅವನಿಗೆ ಸೆನೊ ಬೇಕಾಗಿದ್ದ, ನಾಟಕಕ್ಕಲ್ಲ, ಬದುಕಿಗೆ. ಅದನ್ನು ಯಾರ ಹತ್ತಿರ ಹೇಳಬೇಕು? ಹೇಳಬೇಕಾದವನು ಪಕ್ಕದಲ್ಲೇ ಇದ್ದ, ಅದೇ ತೊಂದರೆ.

ಕೆಲಸ ಮುಗಿದ ಮೇಲೆ ರಸ್ತೆ ದಾಟಿ ಫುಸಾಯೊಳ ಕಾಫಿ ಅಂಗಡಿಗೆ ಹೋಗುತ್ತಿದ್ದರು. ಫುಸಾಯೊ ಇಬ್ಬರಿಗಿಂತ ಸ್ವಲ್ಪ ಹಿರಿಯಳು, ಬಾಯಿ ಜೋರು, ಕಾಫಿ ಅದಕ್ಕಿಂತ ಜೋರು. ಅಲ್ಲಿ ಕೂತು ಬೇಸ್‌ಬಾಲ್ ಬಗ್ಗೆ, ಬಾಡಿಗೆ ಮನೆಯ ಸೋರುವ ನಲ್ಲಿಯ ಬಗ್ಗೆ ಮಾತಾಡುತ್ತಿದ್ದರು. ಮೈಕಿನ ಮುಂದೆ ಆಡಿದ ಮಾತಿನ ಸುದ್ದಿಗೆ ಇಬ್ಬರೂ ಹೋಗುತ್ತಿರಲಿಲ್ಲ.

ಆಮೇಲೆ ಲೇಖಕಿಗೆ ಕಾಯಿಲೆಯಾಗಿ ಕಥೆ ಅರ್ಧಕ್ಕೇ ನಿಂತಿತು. ಅತ್ತ ಸೆನೊನ ಅಪ್ಪ ಹಾಸಿಗೆ ಹಿಡಿದ, ಮಗ ಅಂಗಡಿ ನೋಡಿಕೊಳ್ಳಲು ಊರಿಗೆ ಹೊರಟ. ನೆಗಿಶಿ ಉಎನೊ ಸ್ಟೇಷನ್ನಿಗೆ ಬೀಳ್ಕೊಡಲು ಹೋದ. ಬೇರೆಯವರು ಬರೆದುಕೊಟ್ಟದ್ದನ್ನು ಒಂದೇ ಸಲಕ್ಕೆ ಒಪ್ಪಿಸುವ ಬಾಯಿಗೆ ತನ್ನದೆನ್ನುವ ಒಂದು ಮಾತೂ ಬರಲಿಲ್ಲ. ಚಳಿ ಜೋರಿರುತ್ತೆ, ಆರೋಗ್ಯ ನೋಡ್ಕೊ ಅಂದ. ಅಷ್ಟರಲ್ಲಿ ರೈಲು ಹೊರಟಿತು.

ಅಲ್ಲಿಂದಾಚೆಗೆ ಹೊಸ ವರ್ಷದ ಕಾರ್ಡುಗಳು ಮಾತ್ರ. ಅಚ್ಚು ಹಾಕಿಸಿದ ಶುಭಾಶಯದ ಕೆಳಗೆ ಸೆನೊನ ಕೈಬರಹದಲ್ಲಿ ಒಂದು ಸಾಲು, ಇಲ್ಲಿ ಹಿಮ ಬಹಳ. ನೆಗಿಶಿಯ ಉತ್ತರ, ಇಲ್ಲಿ ಅಷ್ಟಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದೇ ಮಾತುಕತೆ. ಇಬ್ಬರನ್ನೂ ಹಿಡಿದು ಕೂರಿಸಿ ನಾಲ್ಕು ಬೈಯುವವರು ಯಾರೂ ಇರಲಿಲ್ಲ.

ಲೇಖಕಿ ಚೇತರಿಸಿಕೊಂಡು ಕೊನೆಯ ಸಂಪುಟ ಬರೆದಳು. ಅದರ ಹಿಂದೆಯೇ ಟಿ.ವಿ. ಧಾರಾವಾಹಿ ಬಂತು. ಚೆಲುವರಾದ ಇಬ್ಬರು ಹುಡುಗರು ಮೊದಲ ಕಂತಿನಲ್ಲೇ ಕೈ ಕೈ ಹಿಡಿದುಕೊಂಡು ದಕ್ಕೆಯ ಮೇಲೆ ನಡೆದದ್ದನ್ನು ನೋಡಿ ನೆಗಿಶಿಗೆ ಎಲ್ಲಿಲ್ಲದ ಹೊಟ್ಟೆಯುರಿ. ಟಿ.ವಿ. ಆರಿಸಿ ಪಾತ್ರೆ ತೊಳೆಯಲು ಎದ್ದ. ಧಾರಾವಾಹಿ ಗೆದ್ದಿತು, ಈಗ ಅದೇ ಕಥೆ ಕಾರ್ಟೂನಾಗಿ, ಆನಿಮೆಯಾಗಿ ಬರುತ್ತಿತ್ತು. ಧ್ವನಿಗಳೆಲ್ಲ ಹೊಸ ಹುಡುಗರವು. ಆದರೆ ಕೊನೆಯ ಕಂತಿನಲ್ಲಿ ಇಬ್ಬರೂ ಮುದುಕರಾಗಿರುತ್ತಾರೆ. ಊರು ಬಿಟ್ಟು ಹೋಗಿದ್ದ ಟಪಾಲಿನವನು ದ್ವೀಪಕ್ಕೆ ಮರಳಿ ಬರುತ್ತಾನೆ.

ಧ್ವನಿ ನಿರ್ದೇಶಕಿ ಹನಾಓಕಾ ಫೋನು ಮಾಡಿದಳು. ಕಾಲೇಜಿನಲ್ಲಿದ್ದಾಗ ಆ ಸಿ.ಡಿ.ಗಳನ್ನು ಸವೆಯುವ ಹಾಗೆ ಕೇಳಿದವಳು. ಮುದುಕರ ಧ್ವನಿ ಆ ಹಳಬರದ್ದೇ ಆಗಬೇಕೆಂದು ಹಟ ಹಿಡಿದು ಒಪ್ಪಿಸಿದ್ದಳು. ಧ್ವನಿಮುದ್ರಣದ ದಿನ ತಿಳಿಸಿ, ಸೆನೊ-ಸಾನ್ ಕೂಡ ಒಪ್ಪಿದ್ದಾರೆ, ಅವತ್ತೇ ಬರುತ್ತಾರೆ ಎಂದಳು. ಅವತ್ತೇ ಎಂದಮೇಲೆ ನೆಗಿಶಿಗೆ ಮುಂದಿನ ಮಾತು ಕಿವಿಗೆ ಬೀಳಲಿಲ್ಲ.

ಕೂದಲು ಕತ್ತರಿಸಿಕೊಂಡ. ಮೈಕಿಗೆ ಸರಪರ ಕೇಳಿಸದ ಹಾಗೆ ಮೆತ್ತನೆಯ ಹತ್ತಿ ಅಂಗಿ ಕೊಂಡ. ಸ್ಕ್ರಿಪ್ಟಿನಲ್ಲಿ ಅವನಿಗಿದ್ದದ್ದು ಬೆರಳೆಣಿಕೆಯ ಮಾತು, ಅದಕ್ಕೆ ಅಭ್ಯಾಸವೇನೂ ಬೇಕಿರಲಿಲ್ಲ. ಅಭ್ಯಾಸ ಮಾಡಿದ್ದೆಲ್ಲ ಸೆನೊಗೆ ಹೇಳಬೇಕಾದ್ದನ್ನು. ಸ್ನಾನದ ಮನೆಯಲ್ಲಿ, ಬಟ್ಟೆ ಒಣಗಿಸುವಾಗ, ಎಲ್ಲೆಂದರಲ್ಲಿ ಹೇಳಿಕೊಂಡ. ಈ ಸಲ ಹವಾಮಾನದ ಸುದ್ದಿ ಎತ್ತುವುದಿಲ್ಲ, ನನಗೆ ನೀನು ಬೇಕಾಗಿದ್ದೆ, ಈಗಲೂ ಬೇಕು, ಇಷ್ಟನ್ನು ಹೇಳಿಯೇ ತೀರುತ್ತೇನೆ ಎಂದು ನಿರ್ಧರಿಸಿದ. ಹೊಟ್ಟೆ ಗುರುಗುಟ್ಟಿದರೆ ಮೈಕು ಬಿಡುವುದಿಲ್ಲವೆಂದು ಒಂದು ಅನ್ನದ ಉಂಡೆ ತಿಂದು ಮಧ್ಯಾಹ್ನ ಅದೇ ಹಳೆಯ ಸ್ಟುಡಿಯೊದ ಮೆಟ್ಟಿಲು ಹತ್ತಿದ.

ಗಾಜಿನ ಕೋಣೆಯಲ್ಲಿ ಒಂದೇ ಮೈಕಿತ್ತು.

ಸೆನೊ ಎಲ್ಲಿ ಎಂದು ಕೇಳಿದ. ಹನಾಓಕಾಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಸೆನೊ-ಸಾನ್‌ದು ಬೆಳಿಗ್ಗೆಯೇ ಆಯಿತು, ಅವರು ಹೊರಟರು ಎಂದಳು. ಸಾಂಕ್ರಾಮಿಕದ ಕಾಲದಲ್ಲಿ ಒಬ್ಬೊಬ್ಬರನ್ನೇ ಒಳಗೆ ಬಿಡುವ ರೂಢಿ ಶುರುವಾಗಿತ್ತು. ರೋಗ ಹೋದರೂ ಎಷ್ಟೋ ಕಡೆ ರೂಢಿ ಉಳಿದಿತ್ತು. ತೋಫು ಮೊಟ್ಟೆ ಕೂಗಿಕೊಂಡಿದ್ದ ನೆಗಿಶಿಗೆ ಅದು ಗೊತ್ತಾಗುವುದು ಹೇಗೆ? ನಾಲ್ಕು ಜನ ಮೈಕಿನ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಕಾಲದಲ್ಲೇ ಅವನು ಇನ್ನೂ ಇದ್ದ. ಸರಿ ಎಂದು ತಲೆಯಾಡಿಸಿದ.

ಹೆಡ್‌ಫೋನು ಹಾಕಿಕೊಂಡ. ಪರದೆಯ ಮೇಲೆ ದೋಣಿ ದಡ ಮುಟ್ಟಿತು. ಕಿವಿಯೊಳಗೆ, ಕಿವಿಗೆ ಬಾಯಿಟ್ಟು ಹೇಳುವಷ್ಟು ಹತ್ತಿರದಲ್ಲಿ, ಸೆನೊ ಮಾತಾಡಿದ.

"ಇನ್ನೂ ನೀನೇನಾ ದೋಣಿ ನಡೆಸೋದು?"

ಧ್ವನಿ ಒರಟಾಗಿತ್ತು, ವಯಸ್ಸಾಗಿತ್ತು. ಆದರೆ ಅದೇ ನಿಧಾನ, ಕೊನೆಯಲ್ಲಿ ಮೂಗಿನಲ್ಲಿ ಅದೇ ಸಣ್ಣ ನಗು. ನೆಗಿಶಿ ಹೇಳಬೇಕಿದ್ದದ್ದು, ನೀನು ವಾಪಸ್ ಬರೋದು ಬಾಕಿ ಇತ್ತಲ್ಲ. ಕೇಳುತ್ತಾ ನಿಂತು ಹೇಳುವ ಹೊತ್ತು ತಪ್ಪಿಸಿಕೊಂಡ. ಕ್ಷಮೆ ಕೇಳಿದ. ಹನಾಓಕಾ ಪರವಾಗಿಲ್ಲ ಎಂದು ಮತ್ತೆ ಹಾಕಿಸಿದಳು. ಸೆನೊ ಮತ್ತೆ ಕೇಳಿದ, ಇನ್ನೂ ನೀನೇನಾ.

ಆಗ ನೆಗಿಶಿಗೆ ಹೊಳೆಯಿತು. ಸರಿಯಾಗಿ ಹೇಳಿದರೆ ಇದು ಇಲ್ಲಿಗೆ ಮುಗಿಯುತ್ತದೆ, ತಪ್ಪಿದರೆ ಸೆನೊ ಇನ್ನೊಮ್ಮೆ ಮಾತಾಡಿಸುತ್ತಾನೆ.

ಅವನು ತಪ್ಪಿದ. ಒಮ್ಮೆ ತೊದಲಿದ, ಒಮ್ಮೆ ಬೇಗ ಶುರು ಮಾಡಿದ, ಒಮ್ಮೆ ಕೆಮ್ಮಿದ. ಜೀವಮಾನದಲ್ಲಿ ಮಾಡದ ತಪ್ಪುಗಳನ್ನೆಲ್ಲ ಹುಡುಕಿ ಹುಡುಕಿ ಮಾಡಿದ. ಧ್ವನಿಮುದ್ರಣದ ಹುಡುಗ ಹುಬ್ಬೇರಿಸಿದ, ಪಾಪ, ವಯಸ್ಸಾಯಿತು ಎಂದುಕೊಂಡಿರಬೇಕು. ನೀರು ಬೇಕಾ, ಸ್ವಲ್ಪ ಕೂತುಕೊಳ್ಳುತ್ತೀರಾ ಎಂದು ಹನಾಓಕಾ ವಿಚಾರಿಸಿದಳು. ಬೇಡ, ಇನ್ನೊಂದು ಸಲ ಅಂದ. ಕಣ್ಣು ಮುಚ್ಚಿಕೊಂಡು ಕೇಳಿದ. ಎಷ್ಟೋ ಹೊತ್ತು ಹೀಗೇ ಕಳೆಯಿತು. ಕೊನೆಗೆ ಮುಂದಿನ ನಟ ಬಂದು ಬಾಗಿಲಾಚೆ ಕೂತದ್ದು ಕಾಣಿಸಿ ನಾಚಿಕೆಯಾಯಿತು. ಸೆನೊ ಕೇಳಿದ, ನೆಗಿಶಿ ಉತ್ತರ ಕೊಟ್ಟ.

"ನೀನು ವಾಪಸ್ ಬರೋದು ಬಾಕಿ ಇತ್ತಲ್ಲ."

ಗಾಜಿನಾಚೆ ಹನಾಓಕಾ ಮೂಗು ಒರೆಸಿಕೊಂಡಳು. ಇದೇ ಸಾಕು ಎಂದಳು. ಎಲ್ಲರೂ ಬಾಗಿ ವಂದಿಸಿದರು, ನೆಗಿಶಿಯೂ ಬಾಗಿ ಮೆಟ್ಟಿಲಿಳಿದ.

ಮನೆಗೆ ಹೋಗಲು ಮನಸ್ಸು ಬರಲಿಲ್ಲ. ರಸ್ತೆ ದಾಟಿ ಫುಸಾಯೊಳ ಅಂಗಡಿಯ ಬಾಗಿಲು ತಳ್ಳಿದ. ಫುಸಾಯೊಗೆ ಈಗ ಬೆನ್ನು ಬಾಗಿದೆ, ಬಾಯಿ ಹಾಗೇ ಇದೆ. ಇವನನ್ನು ಕಂಡದ್ದೇ ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆ ಅಲ್ಲೇ ನಿಂತಿತು.

"ಈಗ ಬಂದ್ರಾ? ಸೆನೊ-ಸಾನ್ ಅಷ್ಟು ಹೊತ್ತು ಕಾದು ಈಗ ತಾನೇ ಎದ್ದು ಹೋದ್ರು."

ಕಿಟಕಿಯ ಪಕ್ಕದ ಮೇಜು ತೋರಿಸಿದಳು. ಎದುರುಬದುರಾಗಿ ಎರಡು ಕಾಫಿ. ಒಂದು ಖಾಲಿ, ಇನ್ನೊಂದು ಮುಟ್ಟದೆ ಆರಿಹೋಗಿತ್ತು. ಬೆಳಿಗ್ಗೆ ತನ್ನ ಕೆಲಸ ಮುಗಿದ ಮೇಲೆ ಸೆನೊ ಇಲ್ಲಿಗೆ ಬಂದು ಕೂತಿದ್ದನಂತೆ. ಸ್ಟುಡಿಯೊದಲ್ಲೇ ಕಾಯಬಾರದಿತ್ತಾ ಎಂದು ಇವಳು ಕೇಳಿದ್ದಕ್ಕೆ, ಹುಡುಗರ ಮುಂದೆ ಏನು ಮುಖ ಇಟ್ಟುಕೊಂಡು ಕಾಯಲಿ ಅಂದನಂತೆ. ಅಪ್ಪ ತೀರಿಕೊಂಡು ವರ್ಷಗಳಾಗಿವೆ, ಈಗ ತೊಂಬತ್ತರ ತಾಯಿ. ಹಗಲಿನ ಆರೈಕೆ ಕೇಂದ್ರದ ವ್ಯಾನು ಸಂಜೆ ಅವಳನ್ನು ಮನೆಗೆ ತಂದು ಬಿಡುವ ಹೊತ್ತಿಗೆ ಬಾಗಿಲಲ್ಲಿ ಅವನು ನಿಂತಿರಲೇಬೇಕು, ಆ ರೈಲು ಬಿಟ್ಟರೆ ಆಗದು. ಮತ್ತೆ ಟೋಕಿಯೊಗೆ ಬರುವುದು ಇನ್ನು ಯಾವಾಗಲೋ ಅಂದನಂತೆ. ನೆಗಿಶಿ ಮೆಟ್ಟಿಲು ಹತ್ತುವುದನ್ನು ಈ ಕಿಟಕಿಯಿಂದಲೇ ನೋಡಿ ಎರಡು ಕಾಫಿ ಹೇಳಿದನಂತೆ.

"'ಅವರು ಬಂದಮೇಲೆ ತರ್ತೀನಿ, ಆರಿ ಹೋಗತ್ತೆ' ಅಂತ ನಾನಂದೆ. 'ನೆಗಿಶಿ ಅಲ್ವಾ, ಒಂದೇ ಸಲಕ್ಕೆ ಮುಗಿಸಿ ಇಳೀತಾನೆ, ಈಗಲೇ ತಂದಿಡಿ' ಅಂದ್ರು. ಆಮೇಲೆ ನೋಡ್ತಾ ಕೂತ್ರು. 'ಅವನಿಗೆ ಹೇಳೋದು ಒಂದಿತ್ತು, ನಮ್ಮ ವಯಸ್ಸಿಗೆ ನಾಚಿಕೆ ಬಿಟ್ಟು ಹೇಳಬೇಕು' ಅಂತಿದ್ರು. ನಾನೂ ಕೇಳಿದೆ ಏನದು ಅಂತ. ನಕ್ಕರು ಅಷ್ಟೆ."

ನೆಗಿಶಿ ಖಾಲಿ ಕಪ್ಪಿದ್ದ ಕಡೆಯ ಕುರ್ಚಿ ಹಿಡಿದುಕೊಂಡು ನಿಂತ. ಫುಸಾಯೊ ಸೆನೊ ಕೊಟ್ಟಿದ್ದ ನಂಬರಿಗೆ ಫೋನು ಹಚ್ಚಿದಳು. ರಿಂಗಾಗುತ್ತಲೇ ಇತ್ತು. ರೈಲಿನಲ್ಲಿ ಕೂತವನು ಫೋನು ಎತ್ತುವುದಿಲ್ಲ, ಅದರಲ್ಲೂ ಸೆನೊನಂಥ ಮರ್ಯಾದಸ್ಥ. ಅವಳು ಫೋನಿಟ್ಟು, ಹೊಸದಾಗಿ ಕಾಫಿ ಮಾಡಿ ಕೊಡುತ್ತೇನೆ, ಕೂತುಕೊಳ್ಳಿ ಎಂದಳು. ಬೇಡ, ಇದು ನನಗೇ ತರಿಸಿದ್ದಲ್ಲವಾ ಎಂದು ನೆಗಿಶಿ ಆರಿದ ಕಪ್ಪಿನ ಮುಂದೆ ಕೂತ. ಒಂದು ಗುಟುಕು ಕುಡಿದ.

ಫುಸಾಯೊಗೆ ತಡೆಯಲಾಗಲಿಲ್ಲ. "ಅಲ್ಲ, ಇಷ್ಟೊತ್ತು ಅಲ್ಲೇನು ಮಾಡ್ತಿದ್ರಿ? ನಿಮಗೆ ಯಾವತ್ತಾದ್ರೂ ಎರಡನೇ ಸಲ ಬೇಕಾಗಿತ್ತಾ?"

"ಬೇಕಂತಲೇ ತಪ್ಪಿದೆ," ಎಂದ ನೆಗಿಶಿ.

"ಯಾಕೆ?"

"ಅವನ ಧ್ವನಿ ಇನ್ನೊಂದ್ಸಲ ಕೇಳೋಣ ಅಂತ."