ನನ್ನ ಹೋಬಳಿಯ ನವಿಲು

ಕೆಲಸ ಕಳೆದುಕೊಂಡವನನ್ನು ನೋಡಿ ಹೊಟ್ಟೆ ಉರಿಸಿಕೊಂಡವನು ನಾನೊಬ್ಬನೇ ಇರಬೇಕು. ರಿಸೆಷನ್ ಕಾಲ. ಕಾರಿನ ಬಿಡಿಭಾಗ ಡಿಸೈನ್ ಮಾಡುವ ಮಿಶಿಗನ್ನಿನ ನೋವೈ ಊರಿನ ನಮ್ಮ ಆಫೀಸು ವಾರವಾರವೂ ಖಾಲಿಯಾಗುತ್ತಿತ್ತು. ಒಂದು ಶುಕ್ರವಾರ ಪಕ್ಕದ ಸೀಟಿನ ಮಾರ್ಟ್‌ನ ಸರದಿ ಬಂತು. ಷಿಕಾಗೋ ಪಕ್ಕದ ಸ್ಕೋಕಿಯಲ್ಲಿದ್ದ ತಾಯಿಯ ಮನೆಗೆ ಹೊರಟವನ ಸಾಮಾನನ್ನು ನನ್ನ ವ್ಯಾನಿಗೆ ತುಂಬಿಕೊಂಡು ಐದು ಗಂಟೆ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಅವನ ಬಗ್ಗೆ ಮರುಕವಿತ್ತು. ಮನೆಯೊಳಗೆ ಕಾಲಿಟ್ಟ ಮೇಲೆ ಉಳಿಯಲಿಲ್ಲ.

ತಾಯಿ ಎಸ್ಟೋನಿಯಾದವರು. ಗೋಡೆಯ ಮೇಲೆ ಆ ದೇಶದ ಹಳೆಯ ನಕ್ಷೆಯಿತ್ತು. ಪಾದ್ರಿಗಳು ಬರುವ ಮುಂಚಿನಿಂದಲೂ ಅಲ್ಲಿ ಕೆಲವು ಹಳ್ಳಿ ಸೇರಿದರೆ ಒಂದು ‘ಕಿಹೆಲ್ಕೊಂಡ್’, ಕೆಲವು ಕಿಹೆಲ್ಕೊಂಡ್ ಸೇರಿದರೆ ಒಂದು ‘ಮಾಕೊಂಡ್’. ನಮ್ಮ ಹೋಬಳಿ, ಜಿಲ್ಲೆ ಇದ್ದ ಹಾಗೆ ಎಂದು ನಾನೂ ಹೇಳಿದೆ. ಆದರೆ ಅವರಲ್ಲಿ ಒಂದೊಂದು ಕಿಹೆಲ್ಕೊಂಡಿನ ಲಂಗಕ್ಕೂ ಅದರದೇ ಪಟ್ಟೆ, ಕೈಗವಸಿಗೂ ಅದರದೇ ಚಿತ್ತಾರ. “ನಾವು ಮುಹು ಕಿಹೆಲ್ಕೊಂಡಿನವರು,” ಎಂದು ಮಾರ್ಟ್ ತನ್ನ ಕೈಗವಸು ತೋರಿಸಿದ. ಷಿಕಾಗೋದಲ್ಲಿ ಹುಟ್ಟಿ, ಆ ಮುಹುವನ್ನು ಕಣ್ಣಲ್ಲೂ ಕಾಣದವನು.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ನನಗೆ ಹೋಬಳಿ ಎಂದರೆ, ಸ್ಕಾಲರ್‌ಶಿಪ್ಪಿಗೆ ಬೇಕಾದ ಆದಾಯ ಪ್ರಮಾಣಪತ್ರಕ್ಕಾಗಿ ಮೂರು ದಿನ ಕೂತ ನಾಡಕಚೇರಿಯ ಜಗಲಿ, ಕೊನೆಗೆ ಬಿದ್ದ ನೇರಳೆ ಸೀಲು. ಕೆಲಸ ಹೋದರೂ ಅವನಿಗೊಂದು ಗುರುತಿದೆ. ನನ್ನ ಕೆಲಸ ಹೋದರೆ ವೀಸಾ ಹೋಗುತ್ತದೆ, ಉಳಿಯುವುದು ಆ ಸೀಲೇ.

“ನಿಮ್ಮ ಹೋಬಳಿಯ ಚಿತ್ತಾರ ಯಾವುದಪ್ಪ?” ಎಂದು ತಾಯಿ ಕೇಳಿದರು.

“ನವಿಲು,” ಎಂದುಬಿಟ್ಟೆ.

ಎರಡು ತಿಂಗಳಿಗೆ ಸ್ಕೋಕಿಯಿಂದ ಪಾರ್ಸೆಲ್ ಬಂತು. ನೀಲಿ ಕೈಗವಸು, ಅದರ ಮೇಲೆ ಗರಿ ಬಿಚ್ಚಿದ ನವಿಲು. ‘ಬಾಲ ಸರಿಯಾಗಿದೆಯೇ, ನಿನ್ನ ಅಮ್ಮನನ್ನು ಕೇಳು’ ಎಂಬ ಚೀಟಿ.

ಮೈಸೂರಿನವಳಾದ ನನ್ನ ಹೆಂಡತಿ ತಿರುಗಿಸಿ ಮುರುಗಿಸಿ ನೋಡಿದಳು. “ನಿಮ್ಮ ಹೋಬಳೀಲಿ ಯಾವ ನವಿಲ್ರೀ? ನಾನು ನೋಡಿದ್ದು ಬರೀ ಕಾಗೆ. ಪಾಪ, ಆ ವಯಸ್ಸಾದ ಆಂಟಿ ಕೈಲಿ ಸುಳ್ಳು ಹೆಣಿಸಿದೀರಲ್ಲ.”

ನಾಚಿಕೆಯಾಯಿತು. ಮಾರ್ಟ್‌ನ ತಾಯಿಗೆ ಫೋನ್ ಮಾಡಿ ನಿಜ ಒಪ್ಪಿಕೊಂಡೆ.

“ನಮ್ಮ ಚಿತ್ತಾರವನ್ನೂ ಯಾರೋ ಒಬ್ಬಳು ಮೊದಲು ಹೆಣೆದಿರಬೇಕಲ್ಲ,” ಎಂದರು ಅವರು. “ಅವಳು ಯಾರನ್ನು ಕೇಳಿದ್ದಳೋ. ಬೆಚ್ಚಗಿದೆಯಾ, ಅದು ಹೇಳು.”

ಬೆಚ್ಚಗಿತ್ತು. ಆ ಚಳಿಗಾಲವಿಡೀ ತೊಟ್ಟೆ. ನನ್ನ ಮತ್ಸರ ಕಳೆಯಿತೆಂದು ನೀವು ತಿಳಿದರೆ ಅದು ನಿಮ್ಮ ದೊಡ್ಡತನ. ನಮ್ಮ ಪಕ್ಕದ ಹೋಬಳಿಯವರು ಯಾರಾದರೂ ಈ ಮಿಶಿಗನ್ನಿಗೆ ಬಂದು, ನವಿಲು ತಮ್ಮದೂ ಹೌದೆಂದರೆ ಒಪ್ಪಬಾರದೆಂದು ಈಗಲೇ ತೀರ್ಮಾನಿಸಿದ್ದೇನೆ.